ಪ್ರತಿ ಐದನೆಯ ಬಾಗಿಲಿಗೆ ಕಾವಿ

ಬದುಕಿನಲ್ಲಿ ನಾನು ಒಂದೇ ಒಂದು ಹಳ್ಳಿಯ ಭದ್ರತೆಯನ್ನು ಅಭ್ಯಾಸ ಮಾಡಿದ್ದೇನೆ. ನಾನು ಕಾಲಿಡುವವರೆಗೆ ಆ ಹಳ್ಳಿ ತಕ್ಕಮಟ್ಟಿಗೆ ಭದ್ರವಾಗಿಯೇ ಇತ್ತು. ಮೂರನೆಯ ದಿನ ಹೊತ್ತೇರುವಷ್ಟರಲ್ಲಿ ಊರ ಗಂಡಸರೆಲ್ಲ ಬಡಿಗೆ ಹಿಡಿದು ನಿಂತಿದ್ದರು, ಏನೂ ಮಾಡದ ಒಬ್ಬ ಮನುಷ್ಯನ ಕೈಗೆ ಏಟು ಬಿದ್ದಿತ್ತು, ಇದಕ್ಕೆಲ್ಲ ಕಾರಣನಾದ ಸಂಶೋಧಕ ಹಿತ್ತಲಲ್ಲಿ ಬೂದಿ ಹಚ್ಚಿ ಕೈ ತೊಳೆದುಕೊಳ್ಳುತ್ತಿದ್ದ. ಆ ಸಂಶೋಧಕ ನಾನೇ. ಇಷ್ಟು ವರ್ಷ ಕಳೆದರೂ ನನ್ನ ಮನಸ್ಸು ವಾರಕ್ಕೊಮ್ಮೆಯಾದರೂ ಆ ಹಿತ್ತಲಿಗೆ ಹೋಗಿ ಬರುತ್ತದೆ. ಪ್ರತಿಸಲವೂ ನಾನು ಕೈ ತೊಳೆಯದೆ ಓಡುತ್ತೇನೆ. ಪ್ರತಿಸಲವೂ ಸರಿಯಾದ ಹೊತ್ತಿಗೆ ಮುಟ್ಟುತ್ತೇನೆ. ನೆನಪಿನಲ್ಲಿ ನಾನು ಬಹಳ ಧೈರ್ಯವಂತ.

ಐವತ್ತರ ದಶಕದ ನಡುವಿನ ಮಾತು. ಸೊಲ್ಲಾಪುರದಲ್ಲಿ ಬಿ.ಎ. ಮುಗಿಸಿ ಕೆಲಸವಿಲ್ಲದೆ ತಿರುಗುತ್ತಿದ್ದ ನನ್ನನ್ನು ನಮ್ಮ ಪ್ರಾಧ್ಯಾಪಕರು ಒಂದು ಯೋಜನೆಗೆ ಸೇರಿಸಿಕೊಂಡರು. ಪೊಲೀಸರು, ಜೈಲು, ಹಳ್ಳಿಯ ಜನರ ಸುರಕ್ಷಿತತೆ ಇವುಗಳ ಬಗ್ಗೆ ಶಾಸ್ತ್ರೀಯವಾಗಿ ಮಾಹಿತಿ ಕೂಡಿಸುವುದು ಕೆಲಸ. ಆ ವಿದ್ಯೆಯ ಹೆಸರು ಅಪರಾಧಶಾಸ್ತ್ರ ಎಂದು ಅವರು ಹೇಳಿದ ದಿನ ನಾನು ದಾರಿಯುದ್ದಕ್ಕೂ ಆ ಶಬ್ದವನ್ನು ಬಾಯಲ್ಲಿ ಹೊರಳಿಸುತ್ತ ಮನೆಗೆ ಬಂದೆ. ನಮ್ಮದು ಗಿರಣಿಯ ಚಾಳು, ಕೆಲಸಗಾರರ ಸಾಲುಮನೆ. ಅಪ್ಪ ಮಗ್ಗದ ವಿಭಾಗದಲ್ಲಿ ಜಾಬರ್, ಅಂದರೆ ಮೇಸ್ತ್ರಿ. ಮೂವತ್ತು ವರ್ಷದ ಸಪ್ಪಳಕ್ಕೆ ಕಿವಿ ಮಂದವಾಗಿದ್ದರಿಂದ ಮೆಲ್ಲಗೆ ಮಾತಾಡುವುದೇ ಅವನಿಗೆ ಬರುತ್ತಿರಲಿಲ್ಲ.

"ಯಾವುದರ ಶಾಸ್ತ್ರ ಅಂದಿ?" ಎಂದು ಅವ್ವ ಕೇಳಿದಳು.

"ಅಪರಾಧದ್ದು. ಕಳ್ಳರು ಯಾಕ ಕಳ್ಳರಾಗ್ತಾರ, ಜೈಲಿಗೆ ಹೋದ್ರ ಸುಧಾರಿಸ್ತಾರೋ ಇಲ್ಲೋ, ಹಂತಾವು."

"ಕಳ್ಳರನ್ನ ನೋಡಾಕ ಕಾಲೇಜ ಯಾಕ ಬೇಕೋ? ಬಜಾರಕ್ಕ ಹೋಗಿ ಒಂದ್ ಸೇರು ಶೇಂಗಾ ತಗೊಂಡ್ ಬಾ. ಎಲ್ಲಾ ತಿಳಿತೈತಿ."

ಅಪ್ಪನಿಗೆ ಅರ್ಧ ಕೇಳಿಸಿತು. ಮರುದಿನ ನಳದ ಮುಂದೆ ನಿಂತು ಇಡೀ ಚಾಳಿಗೆ ಕೇಳುವಂತೆ ಹೇಳಿದ: "ನನ್ನ ಮಗಾ ಕಳ್ಳರ ಕಡಿ ಕಲಿಯಾಕ ಹೊಂಟಾನ್ರೀ!"

ನನ್ನ ಮೊದಲ ಪಾಠ ಜೈಲಿನಲ್ಲಾಯಿತು. ದೊಡ್ಡ ಬಾಗಿಲಿನೊಳಗಿನ ಸಣ್ಣ ಬಾಗಿಲಲ್ಲಿ ತಲೆ ತಗ್ಗಿಸಿ ಹೋಗಬೇಕೆಂದು ತಿಳಿಯದೆ ಹಣೆ ಬಡಿಸಿಕೊಂಡೆ. ಕಾವಲಿನವನು, "ಹೊಸಾಬ್ರ ಎಲ್ಲಾರೂ ಹಿಂಗ ಮಾಡ್ತಾರ್ರಿ, ಎರಡನೇ ಸಲ ಬರೂ ಮುಂದ ತಾವ ಬಗ್ತಾರ" ಎಂದ. ಅದನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡೆ.

ಆಮೇಲೆ ಊರ ಹೊರಗಿನ ವಸತಿ. ಜನ ಅದನ್ನು ಸೆಟ್ಲಮೆಂಟ್ ಎನ್ನುತ್ತಿದ್ದರು. ಕೆಲವು ಜಾತಿಗಳಲ್ಲಿ ಹುಟ್ಟಿದವರೆಲ್ಲ ಹುಟ್ಟುಗಳ್ಳರು ಎಂದು ಇಂಗ್ಲಿಷರು ಕಾನೂನು ಮಾಡಿ ಆ ಕುಟುಂಬಗಳನ್ನು ತಂತಿಬೇಲಿಯೊಳಗೆ ಇಟ್ಟಿದ್ದರು. ದಿನಾ ಹಾಜರಿ ಕೂಗುತ್ತಿದ್ದರು. ಸ್ವರಾಜ್ಯ ಬಂದ ಮೇಲೆ ಆ ಕಾನೂನು ರದ್ದಾಯಿತು. ಬೇಲಿಯಿಂದ ಹೊರಗೆ ಬಂದು ಮೂರು ನಾಲ್ಕು ವರ್ಷವಾಗಿದ್ದ ಜನರನ್ನು ನಾನು ಪ್ರಶ್ನಾವಳಿ ಹಿಡಿದು ಕೇಳುತ್ತ ಹೋದೆ. ಅಲ್ಲಿ ಒಬ್ಬ ಬೀಸುವ ಕಲ್ಲು ಕಟೆಯುವವನು ಸಿಕ್ಕ. ನಲವತ್ತರ ಆಸುಪಾಸು, ತೆಳ್ಳಗಿನ ಆಳು. ಹಳ್ಳಿಹಳ್ಳಿಗೆ ತಿರುಗಿ, ಸವೆದು ನುಣ್ಣಗಾದ ಬೀಸುವ ಕಲ್ಲಿಗೆ ಉಳಿಯಿಂದ ಮತ್ತೆ ಹಲ್ಲು ಮೂಡಿಸಿಕೊಡುವುದು ಅವನ ಕಸುಬು. ನನ್ನ ಕಾಗದದಲ್ಲಿ, "ಮೊದಲ ಅಪರಾಧ ಮಾಡಿದಾಗ ನಿಮ್ಮ ವಯಸ್ಸೆಷ್ಟು?" ಎಂಬ ಪ್ರಶ್ನೆ ಇತ್ತು. ಅಪರಾಧ ಮಾಡಿದ್ದೀರಾ ಎಂಬ ಪ್ರಶ್ನೆ ಇರಲಿಲ್ಲ.

"ಒಂಬತ್ತು ವರ್ಷ ಇರಬೇಕ್ರಿ," ಎಂದ ಅವನು, ಬಹಳ ವಿಚಾರ ಮಾಡಿ.

"ಏನು ಮಾಡಿದ್ರಿ?"

"ಜ್ವರ ಬಂದಿತ್ರಿ. ಮಕ್ಕೊಂಡಿದ್ದೆ. ಹಾಜರಿಗೆ ಹೋಗಲಿಲ್ಲ."

ನಾನು ಅದನ್ನು ಅಪರಾಧದ ಕಾಲಮಿನಲ್ಲೇ ಬರೆದೆ. ಅದಕ್ಕೆ ಬೇರೆ ಕಾಲಮು ಇರಲಿಲ್ಲ.

ಮೂರನೆಯ ಪಾಠಕ್ಕೆ ಹಳ್ಳಿ. ಅಕ್ಕಲಕೋಟೆಯವರೆಗೆ ಎಸ್.ಟಿ. ಬಸ್ಸು, ಅಲ್ಲಿಂದ ಕರಜಗಿಯ ಕಡೆ ಹೋಗುವ ಇನ್ನೊಂದು ಬಸ್ಸು, ಇಳಿದ ಮೇಲೆ ಕಪ್ಪು ನೆಲದಲ್ಲಿ ಜೋಳದ ನಡುವೆ ಎರಡು ಮೈಲಿ ನಡಿಗೆ. ಊರ ಹೆಸರು ಹೇಳುವುದಿಲ್ಲ, ಅವರಿಗೆ ನಾನು ಕೊಟ್ಟ ತೊಂದರೆ ಸಾಕು. ಅರ್ಧ ಒಕ್ಕಲುಮನೆಗಳು, ಅರ್ಧ ಕುರಿ ಸಾಕುವ, ಬೀರೋಬ ಅಥವಾ ಬೀರಪ್ಪ ಎಂಬ ದೇವರ ಭಕ್ತರ ಮನೆಗಳು. ಊರ ಪೊಲೀಸ್ ಪಾಟೀಲರ ಮನೆಯಲ್ಲಿ ನನ್ನ ಬಿಡಾರ. ಅವರು ಭಾರೀ ಮೀಸೆಯ, ಮೆತ್ತಗಿನ ಮನುಷ್ಯ. ಪ್ರಾಧ್ಯಾಪಕರ ಪತ್ರವನ್ನು ತಲೆಕೆಳಗೆ ಹಿಡಿದು ಪೂರ್ತಿ ಓದಿ, "ಬರೋಬರ ಐತಿ" ಎಂದು ಮಡಚಿ ಕೊಟ್ಟರು. ಎಂಟು ದಿನದ ಹಿಂದೆ ಪಕ್ಕದ ಹಳ್ಳಿಯಲ್ಲಿ ಕನ್ನ ಬಿದ್ದು, ಗೋಡೆಗೆ ತೂತು ಕೊರೆದು ಹಿತ್ತಾಳೆಯ ಪಾತ್ರೆಗಳನ್ನು ಒಯ್ದಿದ್ದರಂತೆ. ಊರು ಹೆದರಿದೆ ಎಂದರು. ನನಗೆ ಸಂತೋಷವಾಯಿತು. ಹೆದರಿದ ಊರು ಸಿಗುವುದು ಸಂಶೋಧಕನ ಪುಣ್ಯ ಎಂದು ಅಂದುಕೊಂಡೆ.

ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ. ಆಗ ನಮ್ಮ ಮುಂಬಯಿ ರಾಜ್ಯದಲ್ಲಿ ದಾರೂಬಂದಿ, ಅಂದರೆ ಪಾನನಿಷೇಧ. ಪ್ಯಾಂಟು ಹಾಕಿದವನು ನೋಟುಬುಕ್ಕು ಹಿಡಿದು ಬಂದನೆಂದರೆ ಭಟ್ಟಿ ಹುಡುಕಲು ಬಂದವನೆಂದೇ ಅರ್ಥ. ನಾನು ಕೇಳುವ ಮೊದಲೇ, "ನಮ್ಮೂರಾಗ ಯಾರೂ ಕುಡ್ಯಾಂಗಿಲ್ಲ ಸಾಹೇಬ್ರ" ಎನ್ನುತ್ತಿದ್ದರು. ಹಾಗೆಂದವರ ಬಾಯಿಂದಲೇ ವಾಸನೆ ಬರುತ್ತಿತ್ತು. ನಾನು ದಾರೂಬಂದಿಯವನಲ್ಲ ಎಂದು ತಿಳಿಸಿ ಹೇಳಿ, ನನ್ನ ನಿಜವಾದ ಪ್ರಶ್ನೆಗಳನ್ನು ಕೇಳಿದೆ. ಹೊಲಕ್ಕೆ ಹೋಗುವಾಗ ಮನೆಗೆ ಕೀಲಿ ಹಾಕುತ್ತೀರಾ? ಕೀಲಿಕೈ ಎಲ್ಲಿ ಇಡುತ್ತೀರಿ? ಮನೆಯಲ್ಲಿ ನಾಯಿ ಇದೆಯೇ? ಕಚ್ಚುತ್ತದೆಯೇ? ಗಂಡಸರು ಕುರಿ ಹಿಂಡಿನ ಜೊತೆ ಹೊರಗೆ ಹೋದಾಗ ಹೆಂಗಸರು ಒಬ್ಬರೇ ಇರುತ್ತಾರೆಯೇ? ಈ ಪ್ರಶ್ನೆಗಳನ್ನು ಯಾರು ಕೇಳುತ್ತಾರೆ, ಯಾವಾಗ ಕೇಳುತ್ತಾರೆ ಎಂಬ ವಿಚಾರ ನನಗಾಗಲಿ, ಬಹಳ ಓದಿದ ನಮ್ಮ ಪ್ರಾಧ್ಯಾಪಕರಿಗಾಗಲಿ ಹೊಳೆದಿರಲಿಲ್ಲ.

ಇನ್ನು ಗುರುತಿನ ಕಥೆ. ಊರಿನ ಎಲ್ಲ ಮನೆಗಳನ್ನೂ ಕೇಳಬೇಕಿಲ್ಲ, ಪ್ರತಿ ಐದನೆಯ ಮನೆ ಕೇಳಿದರೆ ಸಾಕು ಎಂಬುದು ಶಾಸ್ತ್ರ. ಯಾವ ಮನೆ ಆಯಿತು, ಯಾವುದು ಬಾಕಿ ಎಂದು ತಪ್ಪಬಾರದಲ್ಲ, ಅದಕ್ಕೆ ಬಾಗಿಲ ಪಕ್ಕದಲ್ಲಿ ಗುರುತು ಹಾಕು ಎಂದು ಪ್ರಾಧ್ಯಾಪಕರು ಹೇಳಿದ್ದರು. ಸೀಮೆಸುಣ್ಣ ಕೊಟ್ಟಿದ್ದರು. ಮಣ್ಣಿನ ಗೋಡೆಗೆ ಸೀಮೆಸುಣ್ಣ ಹತ್ತುವುದಿಲ್ಲವೆಂದು ಮೊದಲೇ ಊಹಿಸಿದ ಜಾಣ ನಾನು. ಸೊಲ್ಲಾಪುರದ ಬಜಾರದಿಂದ ಒಂದು ಪೊಟ್ಟಣ ಕಾವಿ, ಕೆಂಪು ಮಣ್ಣಿನ ಪುಡಿ, ತಂದಿದ್ದೆ. ನೀರಲ್ಲಿ ಕಲಸಿ ಬೆರಳಿಂದ ಗುರುತು ಹಾಕಿದರೆ ಎದ್ದು ಕಾಣುತ್ತಿತ್ತು. ಗುರುತುಗಳೂ ನನ್ನ ಸ್ವಂತ ಕಲ್ಪನೆ. ಪ್ರಶ್ನೆ ಕೇಳಿ ಮುಗಿದಿದ್ದರೆ ಸೊನ್ನೆ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಕತ್ತರಿ. ಹೆಂಗಸರು ಮಾತ್ರ ಇದ್ದರೆ, ಗಂಡಸರು ಇದ್ದಾಗ ಮತ್ತೆ ಬರಬೇಕಲ್ಲ, ಎರಡು ಗೆರೆ.

ಎರಡನೆಯ ದಿನ ಮಧ್ಯಾಹ್ನ, ಊರೆಲ್ಲ ಹೊಲದಲ್ಲಿದ್ದಾಗ, ಅಲ್ಲಿಯವರೆಗೆ ಕೇಳಿದ್ದರ ಲೆಕ್ಕ ಹಿಡಿದು, ಓಣಿ ಓಣಿ ತಿರುಗಿ ಹನ್ನೊಂದು ಬಾಗಿಲಿಗೆ ಗುರುತು ಹಾಕಿದೆ. ಒಂದು ಸೊನ್ನೆ ಅಷ್ಟು ದುಂಡಗೆ ಬಂದಿತ್ತೆಂದರೆ ಹಿಂದೆ ಸರಿದು ನಿಂತು ನೋಡಿದೆ.

ಮೂರನೆಯ ದಿನ ಬೆಳಿಗ್ಗೆ ಪಾಟೀಲರ ಪಡಸಾಲೆಯಲ್ಲಿ ಕುಳಿತು ಇನ್ನಷ್ಟು ಕಾವಿ ಕಲಸುತ್ತಿದ್ದೆ. ಬೀರೋಬನ ಗುಡಿಯ ಕಡೆಯಿಂದ ಗದ್ದಲ ಕೇಳಿಸಿತು. ಪಾಟೀಲರ ಹೆಂಡತಿ ಒಳಗೆ ಓಡಿ ಬಂದರು.

"ಕಳ್ಳ ಸಿಕ್ಕಾನಂತ್ರಿ! ಮನಿ ಮನಿಗೆ ಕಾವೀಲೆ ಗುರುತು ಹಾಕ್ಯಾನಂತ. ಸೆಟ್ಲಮೆಂಟಿನವ. ಕಲ್ಲು ಕಟಿಯೂ ನೆವದಾಗ ಬಂದಾನ. ಚೀಲದಾಗ ಕಾವಿನೂ ಸಿಕ್ಕೈತಂತ. ಇವ್ರು ಆಗಳೇ ಓಡಿ ಹೋದ್ರು."

ಆ ಕ್ಷಣ ನನಗೆ ಎಲ್ಲ ತಿಳಿಯಿತು. ಬೀಸುವ ಕಲ್ಲು ಕಟೆಯುವವರು ಮೇಲಿನ ಕಲ್ಲಿಗೆ ಕಾವಿ ಬಳಿದು, ತಿರುವಿ, ಎಲ್ಲಿ ಉಬ್ಬಿದೆ ಎಂದು ನೋಡುತ್ತಾರೆ. ಅದನ್ನು ಸೆಟ್ಲಮೆಂಟಿನಲ್ಲಿ ಸಿಕ್ಕ ಆ ಕಲ್ಲು ಕಟೆಯುವವನೇ ನನಗೆ ಹೇಳಿದ್ದ. ಉಳಿ, ಸುತ್ತಿಗೆ, ಕಾವಿ ಇಷ್ಟೇ ಅವನ ಸಾಮಾನು. ಕನ್ನ ಕೊರೆಯುವವನ ಸಾಮಾನೂ ಇಷ್ಟೇ ಎಂದು ಆ ದಿನ ಊರಿಗೆ ಕಾಣಿಸಿರಬೇಕು.

ನಾನು ಎದ್ದೆ. ಬಾಗಿಲಿನವರೆಗೆ ಹೋದೆ. ನನ್ನ ಬಲಗೈ ಮುಂಗೈವರೆಗೆ ಕೆಂಪಾಗಿತ್ತು. ಅದನ್ನು ನೋಡಿದೆ, ಹೊರಳಿ ಹಿತ್ತಲಿಗೆ ಹೋದೆ. ಒಲೆಯ ಬೂದಿ ತೆಗೆದುಕೊಂಡು ಒಗೆಯುವ ಕಲ್ಲಿನ ಮೇಲೆ ಕೈ ತಿಕ್ಕಿದೆ. ಉಗುರಿನ ಸಂದಿಯಲ್ಲಿದ್ದ ಕಾವಿ ಹೋಗಲಿಲ್ಲ. ಒಂದು ಕಡ್ಡಿ ಹುಡುಕಿ ಅದನ್ನೂ ತೆಗೆದೆ. ಸತ್ಯ ಹೇಳುವ ಮೊದಲು ಚೊಕ್ಕಟವಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆನೋ, ಸತ್ಯ ಹೇಳುವ ಪ್ರಸಂಗವೇ ಬರದಿರಲಿ ಎಂದುಕೊಂಡೆನೋ, ಈಗ ಪ್ರಾಮಾಣಿಕವಾಗಿ ಹೇಳಲಾರೆ. ಎರಡನೆಯದೇ ಇರಬೇಕು. ಮೂರನೆಯ ಉಗುರಿಗೆ ಬಂದಾಗ ಗುಡಿಯ ಕಡೆಯಿಂದ ಒಂದು ಕೂಗು ಕೇಳಿಸಿತು. ಅದು ಗುಂಪಿನ ಕೂಗಲ್ಲ, ಒಬ್ಬನದು.

ಓಡಿದೆ. ಗುಡಿಯ ಕಟ್ಟೆಯ ಮುಂದೆ ಕರಿ ಕಂಬಳಿ ಹಾಸಿತ್ತು. ಅದರ ಪಕ್ಕ ನೆಲದ ಮೇಲೆ ಅದೇ ಕಲ್ಲು ಕಟೆಯುವವನು. ಇಬ್ಬರು ಅವನ ಹೆಗಲು ಹಿಡಿದಿದ್ದರು. ಎಡಗೈ ಅರ್ಧ ಕಟೆದ ಬೀಸುವ ಕಲ್ಲಿನ ಮೇಲಿತ್ತು. ಬಡಿಗೆಯ ಏಟು ಬಿದ್ದ ಮಣಿಕಟ್ಟು ಆಗಲೇ ಬಾತಿತ್ತು. ಒಬ್ಬ ಗಟ್ಟಿ ಆಳು ಅವನ ಸುತ್ತಿಗೆ ಹಿಡಿದು ನಿಂತಿದ್ದ.

"ಯಾವ ಕೈಲೆ ಬರದಿ? ಈ ಕೈಲೇನು, ಆ ಕೈಲೇನು?"

"ನಾ ಬರದಿಲ್ರೀ ಯಪ್ಪಾ. ಇವತ್ತ ಮುಂಜಾನೆ ಬಂದೀನ್ರೀ. ಕೈ ಮುರೀಬ್ಯಾಡ್ರಿ. ಕೈ ಇಲ್ಲಂದ್ರ ನನ್ನ ಕಡೆ ಏನೂ ಇಲ್ರೀ."

"ಬೀರಪ್ಪನ ಭಂಡಾರ ಹಿಡದು ಹೇಳಸ್ರಿ ಅವಂಗ," ಎಂದು ಪಾಟೀಲರು ನಡುವೆ ಬಾಯಿ ಹಾಕಿದರು. ಭಂಡಾರ ಅಂದರೆ ದೇವರ ಅರಿಸಿನ ಪುಡಿ. ಕಂಬಳಿಯ ಮೇಲೆ ನಿಂತು, ಭಂಡಾರ ಕೈಯಲ್ಲಿ ಹಿಡಿದು ಆ ಜನ ಸುಳ್ಳು ಹೇಳುವುದಿಲ್ಲ.

"ಅವ್ನ ದೇವ್ರ ಬ್ಯಾರೆ ಇರ್ತಾನ್ರೀ ಪಾಟೀಲ್ರ. ನಮ್ಮ ಭಂಡಾರ ಅವಂಗೇನ್ ಮಾಡ್ತೈತಿ?" ಎಂದ ಸುತ್ತಿಗೆಯವನು.

ಪೂಜಾರಿ ಅಜ್ಜ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ. ಅವನ ಹೆಂಡತಿಯನ್ನು ಊರೆಲ್ಲ ಆಯಿ ಎನ್ನುತ್ತಿದ್ದರು. ಅವಳೇ ಹೇಳಿದಳು: "ಕುರಿಗೆ ಕಾವಿ ಹಚ್ಚತೀವಿ ಯಾಕ? ಇದು ನಂದು ಅನ್ನಾಕ. ನನ್ನ ಬಾಗಲಿಗೆ ಬಂದು ಎರಡ ಗೆರಿ ಹೊಡದಾನಂದ್ರ, ಏನಂದಂಗಾತು? ನನ್ನ ಮನಿ ತನ್ನದು ಅಂದಂಗಾತಿಲ್ಲೋ?"

ಅದು ನನಗೆ ಗೊತ್ತಿರಲಿಲ್ಲ. ಎರಡು ದಿನದಿಂದ ಕಾವಿ ಹಚ್ಚಿದ ಕುರಿಗಳು ಕಣ್ಣ ಮುಂದೆ ಹಾದು ಹೋಗಿದ್ದವು. ಒಂದೊಂದು ಮನೆತನಕ್ಕೆ ಒಂದೊಂದು ಗುರುತು. ಸೊನ್ನೆಯೂ ಇತ್ತು, ಗೆರೆಯೂ ಇತ್ತು. ಚೆಂದ ಕಾಣುತ್ತವೆ ಎಂದು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೆ.

ಅವನು ತಲೆ ಎತ್ತಿ ನನ್ನನ್ನು ನೋಡಿದ. ಗುರುತು ಹಿಡಿದ. ಏನಾದರೂ ಹೇಳುತ್ತಾನೆ ಎಂದುಕೊಂಡೆ. ಹೇಳಲಿಲ್ಲ. ಮತ್ತೆ ಸುತ್ತಿಗೆಯನ್ನು ನೋಡಿದ.

ನಾನು ಬಾಯಿ ತೆರೆದೆ. ಬಂದದ್ದು ಇದು: "ಮಹನೀಯರೇ, ಈ ಚಿಹ್ನೆಗಳು ನಮೂನಾ ಪದ್ಧತಿಯ ಒಂದು ಅಂಗವಾಗಿದ್ದು..."

ಜೀವ ಹೋಗುವ ಹೊತ್ತಿನಲ್ಲಿ ನನ್ನ ಬಾಯಿಗೆ ವರದಿಯ ಭಾಷೆ ಬಂದಿತ್ತು. ಯಾರೂ ಹೊರಳಿ ಸಹ ನೋಡಲಿಲ್ಲ. ಸುತ್ತಿಗೆ ಮೇಲೆ ಹೋಯಿತು. ಆಗ ನಾನು ಚಾಳಿನ ಹುಡುಗನಂತೆ ಚೀರಿದೆ.

"ಬ್ಯಾಡ್ರೋ! ನಾ ಹಾಕೀನಿ! ಎಲ್ಲಾ ನಾನಾ ಹಾಕೀನಿ!"

ಸುತ್ತಿಗೆ ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು.

"ನೀವೇನ್ರಿ ಸಾಹೇಬ್ರ?" ಸುತ್ತಿಗೆಯವನಿಗೆ ನಗು ಬಂತು. "ಎಲ್ಲಿ, ಕೈ ತೋರಸ್ರಿ."

ಕೈ ತೋರಿಸಿದೆ. ಹಾಲಿನಲ್ಲಿ ತೊಳೆದ ಹಾಗಿತ್ತು.

"ಕಾವಿ ಎಲ್ಲೈತಿ?"

"ತೊಳಕೊಂಡೀನಿ."

ಗುಂಪು ಗೊಳ್ಳೆಂದಿತು. "ಸಾಹೇಬ್ರ ಮನಸ್ಸು ಮೆತ್ತಗ ಐತಿ. ಬಡವನ್ನ ಉಳಸಾಕ ಸುಳ್ಳ ಹೇಳಾಕತ್ತಾರ," ಎಂದರು ಯಾರೋ, ಮೆಚ್ಚುಗೆಯಿಂದ. ನಾನು ಬದುಕಿನಲ್ಲಿ ಹೇಳಿದ ಒಂದು ಅಪಾಯದ ಸತ್ಯವನ್ನು ಜನ ದೊಡ್ಡ ಮನಸ್ಸಿನ ಸುಳ್ಳೆಂದು ತಿಳಿದರು. ಇನ್ನೂ ಕೆಟ್ಟದ್ದನ್ನು ಹೇಳುತ್ತೇನೆ: ಅರ್ಧ ಉಸಿರಿನಷ್ಟು ಹೊತ್ತು ನನಗೆ ಹಾಯೆನಿಸಿತು. ಹೇಳುವುದನ್ನು ಹೇಳಿಯಾಯಿತು, ನಂಬದಿದ್ದರೆ ನನ್ನ ತಪ್ಪೇನು ಎಂದು. ಆಮೇಲೆ ಆ ಬಾತ ಮಣಿಕಟ್ಟಿನ ಮೇಲೆ ಕಣ್ಣು ಬಿತ್ತು.

"ಬಾಗಲಾ ಕೇಳ್ರಿ ನನ್ನ," ಎಂದೆ. "ಯಾವ ಬಾಗಲಿಗೆ ಏನ ಐತಿ ಅಂತ ಕೇಳ್ರಿ. ನೋಡಲಾರದ ಹೇಳ್ತೀನಿ."

ಆಗ ಪೂಜಾರಿ ಅಜ್ಜ ಮೊದಲ ಸಲ ಬಾಯಿ ಬಿಟ್ಟ. "ಬಾವಿ ಹತ್ತರದ ಮನಿ?"

"ಕತ್ತರಿ."

"ಬೇವಿನ ಗಿಡದ ಮನಿ?"

"ಸೊನ್ನಿ. ದುಂಡಗ ಬಂದೈತಿ."

"ನಮ್ಮ ಅಣ್ಣನ ಮನಿ? ಹಿಂದಿನ ಓಣಿಯಾಗ?"

ಬಿ.ಎ. ಪರೀಕ್ಷೆಯಲ್ಲಿ ನನಗೆ ಇಷ್ಟು ಬೆವರು ಬಂದಿರಲಿಲ್ಲ. "ಅಲ್ಲಿ ಇಲ್ಲ," ಎಂದೆ. "ಅದು ನಾಕನೇ ಮನಿ. ಐದನೇದಕ್ಕ ಹಾಕೀನಿ."

ಒಬ್ಬ ಓಡಿ ಹೋಗಿ ನೋಡಿ ಬಂದು, ಹೌದೆಂದು ತಲೆಯಾಡಿಸಿದ. ನಗು ನಿಂತಿತು. ಅವನ ಹೆಗಲು ಹಿಡಿದಿದ್ದ ಇಬ್ಬರೂ ಕೈ ಸಡಿಲ ಬಿಟ್ಟರು.

"ನನ್ನ ಬಾಗಲಿಗೆ ಎರಡ ಗೆರಿ ಹೊಡದಿಯಲ್ಲ, ತಮ್ಮಾ," ಎಂದು ಆಯಿ ಮೆಲ್ಲಗೆ ಕೇಳಿದಳು, "ಅದರ ಅರ್ಥ ಏನ?"

ಸುಳ್ಳು ಹೇಳಬಹುದಿತ್ತು. ಆದರೆ ಆ ಹೊತ್ತಿಗೆ ನನಗೆ ಸತ್ಯದ ಚಟ ಹತ್ತಿಬಿಟ್ಟಿತ್ತು.

"ಮನಿಯಾಗ ಹೆಣ್ಣಮಕ್ಕಳು ಅಷ್ಟ ಅದಾರ, ಗಂಡಸರಿಲ್ಲ ಅಂತ."

ಅದಾದ ಮೇಲೆ ಏನಾಯಿತೆಂದು ಕ್ರಮವಾಗಿ ನೆನಪಿಲ್ಲ. ಯಾರೋ ಕೊರಳಪಟ್ಟಿ ಹಿಡಿದರು. ಅಂಗಿ ಹರಿದ ಸಪ್ಪಳ ಕೇಳಿಸಿತು. ಆಯಿಯ ಕೈಗೆ ಕಸಬರಿಗೆ ಎಲ್ಲಿಂದ ಬಂತೋ, ಅದು ನನ್ನ ಬೆನ್ನ ಮೇಲೆ ಎರಡು ಸಲ ಬಿತ್ತು. "ಇವ ಕಳ್ಳರ ಮುಂದಾಳು, ಕೀಲಿಕೈ ಎಲ್ಲಿಡ್ತೀರಿ ಅಂತ ಕೇಳಿದ್ದಾ!" "ನಾಯಿ ಕಚ್ಚತೈತೇನು ಅಂತ ಕೇಳಿದ್ದಾ!" ನನ್ನ ಪ್ರಶ್ನಾವಳಿ ಪೂರ್ತಿ, ಒಂದೂ ಬಿಡದೆ, ಊರಿನ ಬಾಯಿಂದ ಹೊರಗೆ ಬಂತು. ಯಾವ ಸಂಶೋಧಕನ ಪ್ರಶ್ನೆಗಳನ್ನೂ ಜನ ಅಷ್ಟು ಚೆನ್ನಾಗಿ ನೆನಪಿಟ್ಟಿರಲಿಕ್ಕಿಲ್ಲ. ಪಾಟೀಲರು ನನ್ನ ಮುಂದೆ ಅಡ್ಡ ನಿಂತು, "ಸರಕಾರೀ ಮನಷ್ಯಾ ಅದಾನ, ಮುಟ್ಟಬ್ಯಾಡ್ರಿ, ಎಲ್ಲಾರೂ ಜೈಲಿಗೆ ಹೋಗ್ತೀರಿ!" ಎಂದು ಕೂಗಿದರು. ನಾನು ಸರಕಾರಿ ಮನುಷ್ಯನಾಗಿರಲಿಲ್ಲ. ಸತ್ಯದ ಚಟ ಅಲ್ಲಿಗೆ ನಿಂತಿತು.

ಪೂಜಾರಿ ಅಜ್ಜ ನನ್ನನ್ನು ಕಂಬಳಿಯ ಮೇಲೆ ನಿಲ್ಲಿಸಿ ಅಂಗೈಗೆ ಭಂಡಾರ ಹಾಕಿದ. ಕಳ್ಳರ ಜೊತೆ ಸಂಬಂಧ ಇಲ್ಲ, ಕಲಿಯುವ ಸಲುವಾಗಿ ಬರೆದೆ ಎಂದು ಹೇಳಿಸಿದ. ಹೇಳಿದೆ. ಊರು ನಂಬಿತು. ಬೀರೋಬನ ಹೆಸರನ್ನು ಹಿಂದಿನ ವಾರವಷ್ಟೇ ಕೇಳಿದವನ ಆಣೆ ನಡೆಯಿತು. ಎರಡು ಹೆಜ್ಜೆ ಆಚೆ ಕೂತು ಮಣಿಕಟ್ಟು ಹಿಡಿದುಕೊಂಡಿದ್ದವನಿಗೆ ಆ ಭಂಡಾರ ಕೊಡಲು ಯಾರೂ ಒಪ್ಪಿರಲಿಲ್ಲ.

ಶಿಕ್ಷೆಯನ್ನು ಆಯಿ ಹೇಳಿದಳು. ಯಾವ ಕೈ ಬರೆಯಿತೋ ಅದೇ ಕೈ ಅಳಿಸಬೇಕು. ಬರೀ ನೀರಿಗೆ ಕಾವಿ ಹೋಗಲಿಲ್ಲ. ಸಗಣಿ, ಮಣ್ಣು ಕಲಸಿ ಹನ್ನೊಂದು ಬಾಗಿಲುಗಳ ಪಕ್ಕದ ಗೋಡೆ ಸಾರಿಸಿದೆ. ನೋಡಲು ಊರ ಹೆಂಗಸರೆಲ್ಲ ಬಂದರು.

"ಅಲ್ಲಿ ಉಳದೈತಿ ನೋಡ್ರಿ ಸಾಹೇಬ್ರ."

"ಕಾಲೇಜಿನ್ಯಾಗ ಸಾರ್ಸಾಕ ಕಲಸಂಗಿಲ್ಲೇನ್ರಿ?"

"ಇವ್ನ ಹೇಣ್ತಿ ಪುಣ್ಯಾ ಮಾಡ್ಯಾಳ ತಗೋರಿ. ಮನಿಗೆಲಸಾ ಬಂತು."

ಬೇವಿನ ಗಿಡದ ಮನೆಯ ಸೊನ್ನೆ ಅಳಿಸುವಾಗ ಸ್ವಲ್ಪ ಸಂಕಟವಾಯಿತು.

ನಾನು ಗೋಡೆ ಸಾರಿಸುವಷ್ಟು ಹೊತ್ತು ಅವನು ಗುಡಿಯ ನೆರಳಲ್ಲಿ ಕೂತಿದ್ದ. ಯಾರೋ ಒಬ್ಬಳು ಅರಿಸಿನ, ಎಣ್ಣೆ ಕಾಯಿಸಿ ಮಣಿಕಟ್ಟಿಗೆ ಬಟ್ಟೆ ಕಟ್ಟಿ ಹೋಗಿದ್ದಳು. ಕ್ಷಮೆ ಯಾರೂ ಕೇಳಲಿಲ್ಲ. ಸುತ್ತಿಗೆಯವನು ಸುತ್ತಿಗೆಯನ್ನು ಚೀಲದಲ್ಲಿ ಹಾಕಿಟ್ಟು, "ಆ ಕಲ್ಲ ಅರ್ಧಾ ಉಳದೈತಿ. ಮುಗಸಾಕ ಮುಂದಿನ ವಾರ ಬಾ" ಎಂದು ಹೇಳಿದ. ಅವನಿಗೆ ತಿಳಿದ ಕ್ಷಮೆ ಅದೇ ಇದ್ದಿರಬಹುದು.

ಇಬ್ಬರೂ ಒಟ್ಟಿಗೆ ಊರು ಬಿಟ್ಟೆವು. ಅವನಿಗೆ ಚೀಲ ಎತ್ತಲು ಆಗುತ್ತಿರಲಿಲ್ಲ. ನಾನು ಹೆಗಲಿಗೆ ಹಾಕಿಕೊಂಡೆ. ಉಳಿಗಳ ಭಾರ ಅಷ್ಟಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಕೇಳಿದೆ: "ನನ್ನ ನೋಡಿದಿ. ಇವ್ರಾ ಹಾಕ್ಯಾರ ಅಂತ ಯಾಕ ಹೇಳಲಿಲ್ಲ?"

"ನೀವ ಹಾಕೀರಿ ಅಂತ ನಂಗೇನ ಗೊತ್ತಿತ್ರಿ?" ಎಂದ. ಆಮೇಲೆ ಎರಡು ಹೆಜ್ಜೆ ಬಿಟ್ಟು, "ನಿಮ್ಮ ಕೈ ಹಸಿ ಇದ್ದೂ. ಅವಾಗ ತಿಳೀತು. ಹೇಳಿದ್ರ ಏನಾಗ್ತಿತ್ರಿ? ಕಳವಿಗೆ ಒಂದ ಏಟು ಬಿದ್ದಿತ್ತು. ಸಾಹೇಬ್ರ ಮ್ಯಾಲ ಸುಳ್ಳ ಹೇಳ್ತಾನಂತ ಇನ್ನೊಂದ ಬೀಳತಿತ್ತು."

ನನಗೆ ಏನಾದರೂ ಮಾಡಬೇಕೆನಿಸಿತು. ನಿಂತು ನೋಟುಬುಕ್ಕಿನ ಹಾಳೆ ಹರಿದು, "ಒಂದು ಚೀಟಿ ಬರದು ಕೊಡ್ತೀನಿ," ಎಂದೆ. "ಇವ ಕಳ್ಳ ಅಲ್ಲ, ಕಸಬುದಾರ ಅದಾನ ಅಂತ. ಕೆಳಗ ಸಹಿ ಮಾಡ್ತೀನಿ. ಯಾವೂರಾಗ ಹಿಡದ್ರೂ ತೋರಸು."

ಅವನು ಆ ದಿನ ಮೊದಲ ಸಲ ನಕ್ಕ. "ನಿಮ್ಮ ಹತ್ರ ಐತೇನ್ರಿ, ಕಳ್ಳ ಅಲ್ಲ ಅನ್ನೂ ಚೀಟಿ?"

"ಇಲ್ಲ."

"ಮತ್ತ? ಚೀಟಿ ಇದ್ದವನ್ನ ಮೊದಲ ಹಿಡಿತಾರ್ರಿ. ಬ್ಯಾಡ."

ಹಾಳೆಯನ್ನು ಜೇಬಿಗೆ ಹಾಕಿಕೊಂಡೆ. ಬಸ್ಸಿನ ದಾರಿಗೆ ಸೇರುವಲ್ಲಿ ನಾಲ್ಕೈದು ಮನೆಯ ಒಂದು ವಾಡಿ ಇತ್ತು. ಅಲ್ಲಿನ ಮುದುಕನೊಬ್ಬ ಎದ್ದು ನಿಂತು ನಮ್ಮನ್ನು ತಡೆದ. ಅಂದರೆ, ನನ್ನನ್ನು ತಡೆದ. ಹರಿದ ಅಂಗಿ, ಮೊಣಕೈವರೆಗೆ ಸಗಣಿ, ಹೆಗಲ ಮೇಲೆ ಕಬ್ಬಿಣದ ಸಪ್ಪಳ ಮಾಡುವ ಚೀಲ.

"ಯಾರಲೇ ನೀ? ಯಾವೂರು? ಚೀಲದಾಗ ಏನೈತಿ?"

ನಾನು ಸೊಲ್ಲಾಪುರ ಎಂದೆ. ಕಾಲೇಜು ಎಂದೆ. ಕಾಲೇಜಿನವನ ಚೀಲದಲ್ಲಿ ಉಳಿ ಯಾಕೆ ಎಂದ. ನನ್ನದಲ್ಲ ಎಂದೆ. ಹಾಗಾದರೆ ಯಾರದು ಕದ್ದಿ ಎಂದ. ಎರಡೇ ದಿನದ ಹಿಂದೆ ಊರನ್ನೆಲ್ಲ ಪ್ರಶ್ನೆ ಕೇಳಿದ ನನಗೆ, ನನ್ನನ್ನೇ ಯಾರಾದರೂ ಕೇಳಿದರೆ ಒಂದಕ್ಕೂ ನೆಟ್ಟಗೆ ಉತ್ತರ ಬರುವುದಿಲ್ಲವೆಂದು ತಿಳಿಯಿತು. ಮುದುಕನ ಹಿಂದೆ ಇನ್ನೊಬ್ಬ ಬಂದು ನಿಂತ.

"ನಮ್ಮವನ ಅದಾನ್ರಿ ಅಜ್ಜಾ," ಎಂದ ಕಲ್ಲು ಕಟೆಯುವವನು, ಕಟ್ಟಿದ ಕೈ ತೋರಿಸಿ. "ನನ್ನ ಕೈಗೆ ಪೆಟ್ಟಾಗೇತಿ. ಸಾಮಾನು ಹೊರಾಕ ಕರಕೊಂಡೀನಿ. ಕೆಲಸಾ ಕಲಿಯಾಕತ್ತಾನ. ತೆಲಿ ಸ್ವಲ್ಪ ಮಂದ ಐತಿ."

ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಕಾಣಸ್ತೈತಿ," ಎಂದು ಬಿಟ್ಟುಬಿಟ್ಟ.

ಬಸ್ಸಿನಲ್ಲಿ ಅವನು ಬಲಗೈಯಿಂದ ಕಂಬಿ ಹಿಡಿದು ನಿಂತ. ಎಡಗೈಯನ್ನು ಎದೆಗೆ ಒತ್ತಿ ಹಿಡಿದಿದ್ದ. ಕಲ್ಲು ಕಟೆಯುವವನಿಗೆ ಸುತ್ತಿಗೆ ಹಿಡಿಯುವ ಕೈಗಿಂತ ಉಳಿ ಹಿಡಿಯುವ ಕೈ ಮುಖ್ಯ ಎಂದು ಅಕ್ಕಲಕೋಟೆ ದಾಟಿದ ಮೇಲೆ ಹೇಳಿದ. ನಾನು ಕೇಳಿರಲಿಲ್ಲ. ಪ್ರಶ್ನೆ ಕೇಳುವುದನ್ನು ಅಷ್ಟೊತ್ತಿಗೆ ಬಿಟ್ಟಿದ್ದೆ.

ಪ್ರಾಧ್ಯಾಪಕರು ನನ್ನ ವರದಿ ಓದಿ, ಮಾಹಿತಿ ಉಪಯುಕ್ತವಾಗಿದೆ, ಆದರೆ ಹನ್ನೊಂದು ಮನೆಗಳಲ್ಲಿ ನಾಲ್ಕರದು ಮಾತ್ರ ಪೂರ್ಣವಾಗಿದೆ, ಮತ್ತೆ ಹೋಗಿ ಮುಗಿಸಿ ಬಾ ಎಂದರು. ನನಗೆ ಜ್ವರ ಬಂದಿದೆ ಎಂದು ಹೇಳಿ ಕಳಿಸಿದೆ. ಆ ಜ್ವರ ಆ ಯೋಜನೆ ಮುಗಿಯುವವರೆಗೂ ಇಳಿಯಲಿಲ್ಲ.

ಒಂದು ತಿಂಗಳಾದ ಮೇಲೆ ಸೆಟ್ಲಮೆಂಟಿಗೆ ಹೋದೆ. ಮನೆ ಹುಡುಕಿ ಮುಟ್ಟುವ ಮೊದಲೇ ಉಳಿಯ ಸಪ್ಪಳ ಕೇಳಿಸಿತು. ಕೇಳಿದ ಕೂಡಲೇ ಎದೆಯ ಮೇಲಿನ ಭಾರ ಇಳಿದಂತಾಯಿತು. ಕೈ ಉಳಿಯಿತು ಎಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಅವನು ಬಲಗೈಯಿಂದ ಸುತ್ತಿಗೆ ಬೀಸುತ್ತಿದ್ದ. ಉಳಿಯನ್ನು ಅವನ ಹೆಂಡತಿ ಎರಡೂ ಕೈಯಿಂದ ಹಿಡಿದು, ಪ್ರತಿ ಏಟಿಗೂ ಕಣ್ಣು ಮುಚ್ಚುತ್ತಿದ್ದಳು.

ನನ್ನನ್ನು ನೋಡಿ ಸುತ್ತಿಗೆ ಇಟ್ಟ. ಎಡಗೈ ಮುಂದೆ ಚಾಚಿ ಬೆರಳು ಮಡಚಿ ತೋರಿಸಿದ. ಮೂರು ಮಡಚಿದವು. ಎರಡು ಅರ್ಧಕ್ಕೆ ಬಂದು ನಿಂತವು.

"ಬರ್ತಾವ್ರಿ," ಎಂದ. "ಸಾವಕಾಶ ಬರ್ತಾವು."

ಅವನ ಹೆಂಡತಿ ನಾನು ಯಾರೆಂದು ಕೇಳಿದಳು. ಅವನು ಹೇಳಿದ. ಅವಳು ನನ್ನನ್ನು ನೋಡಿ, ಉಳಿಯನ್ನು ನನ್ನ ಕಡೆ ಚಾಚಿ, ಒಲೆಗೆ ಉರಿ ಹಾಕಲು ಎದ್ದು ಒಳಗೆ ಹೋದಳು. ನಾನು ಕಲ್ಲಿನ ಮುಂದೆ ಕೂತು ಎರಡೂ ಕೈಯಿಂದ ಉಳಿ ಹಿಡಿದೆ. ಅವನು ಸುತ್ತಿಗೆ ಎತ್ತಿದ.

"ಕೈ ಅಳ್ಳಾಡಸಬ್ಯಾಡ್ರಿ," ಎಂದ.

ನಾನು ಹಿಡಿತ ಬಿಗಿ ಮಾಡಿ ಕಣ್ಣು ಮುಚ್ಚಿದೆ.